ಒತ್ತಡ ಸರಿಯಿದ್ದರೂ ಕಣ್ಣಿನ ಕೋನ ತೋರಿಸಿ

‘ಕಣ್ಣಿನ ಒತ್ತಡ ಸರಿಯಾಗಿದೆಯಂತೆ. ಇನ್ನು ಗ್ಲಾಕೋಮಾ ಭಯವಿಲ್ಲ ತಾನೇ?’ ಎಂದು ಅನೇಕರು ಕೇಳುತ್ತಾರೆ. ಅಷ್ಟರಿಂದಲೇ ನಿಶ್ಚಿಂತರಾಗುವಂತಿಲ್ಲ.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಇದು ಕಣ್ಣೀರಲ್ಲ. ಪಾರದರ್ಶಕವಾದ ಕಾರ್ನಿಯಾ ಹಾಗೂ ಪಾಪೆಯ ಸುತ್ತಲಿನ ಬಣ್ಣದ ಪಟಲ ಸೇರುವ ಮೂಲೆಯಲ್ಲಿ ಸೂಕ್ಷ್ಮ ಜಾಲರಿಯಿದೆ. ದ್ರವ ಅದರ ಮೂಲಕ ಹೊರಹೋಗಿ ರಕ್ತ ಸೇರುತ್ತದೆ. ಈ ಮೂಲೆಯೇ ‘ಕೋನ’. ಬಚ್ಚಲ ಜಾಲರಿಗೆ ಬಟ್ಟೆ ಅಡ್ಡ ಬಂದರೆ ನೀರು ನಿಲ್ಲುವಂತೆ, ಬಣ್ಣದ ಪಟಲ ಜಾಲರಿಯನ್ನು ಮುಚ್ಚಿದರೆ ದ್ರವ ನಿಂತು ಒತ್ತಡ ಏರುತ್ತದೆ, ದೃಷ್ಟಿನರ ಹಾಳಾಗುತ್ತದೆ. ಹೀಗೆ ಹೋದ ದೃಷ್ಟಿ ಮರಳಿ ಬಾರದು.

ಕೋನ ಕಿರಿದಾಗಿದ್ದರೂ ಒತ್ತಡ ವರ್ಷಗಟ್ಟಲೆ ಸರಿಯಾಗಿಯೇ ಇರಬಹುದು. ಆದ್ದರಿಂದ ಕೋನವನ್ನೇ ನೋಡಬೇಕು. ಅಲ್ಲಿಂದ ಬರುವ ಬೆಳಕು ಕಾರ್ನಿಯಾದಿಂದ ಒಳಕ್ಕೇ ಪ್ರತಿಫಲಿಸುವುದರಿಂದ, ಹೊರಗಿನಿಂದ ನೇರವಾಗಿ ನೋಡಿದರೆ ಅದು ಕಾಣಿಸದು. ಪುಟ್ಟ ಕನ್ನಡಿಗಳಿರುವ ಮಸೂರ ಬೇಕು. ಈ ಪರೀಕ್ಷೆಯೇ ಗೋನಿಯೋಸ್ಕೋಪಿ. ಕಣ್ಣನ್ನು ಮರಗಟ್ಟಿಸುವ ಹನಿ ಹಾಕಿ, ಮಸೂರವನ್ನು ಕಣ್ಣಿಗೆ ತಾಗಿಸಿ, ಕತ್ತಲ ಕೋಣೆಯಲ್ಲಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಇದು ಆಗಬೇಕು.

ಯಾರಿಗೆ ಅಗತ್ಯ? ೪೦ ದಾಟಿದವರಿಗೆ, ಅದರಲ್ಲೂ ಮಹಿಳೆಯರಿಗೆ. ದೂರ ನೋಡಲೂ ಪ್ಲಸ್ ಕನ್ನಡಕ ಬೇಕಾದವರಿಗೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇರುವವರಿಗೆ. ಕೋನ ಕಿರಿದಾಗಿರುವವರಲ್ಲಿ ಕೆಲವು ನೆಗಡಿ ಮಾತ್ರೆ, ಹೊಟ್ಟೆನುಲಿತದ ಮಾತ್ರೆ, ಖಿನ್ನತೆಯ ಔಷಧಿಗಳಿಂದ ಪಾಪೆ ಹಿಗ್ಗಿ ಕೋನ ಥಟ್ಟನೆ ಮುಚ್ಚಬಹುದು. ಆಗ ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ ಬರುತ್ತದೆ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಪಿತ್ತವೆಂದು ನಿಂಬೆರಸ ಕುಡಿದು ಮಲಗಬೇಡಿ. ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಹೋಗಿ. ಆದರೆ ಹೆಚ್ಚಿನವರಲ್ಲಿ ಕೋನ ಯಾವ ನೋವೂ ಇಲ್ಲದೆ ನಿಧಾನವಾಗಿ ಮುಚ್ಚುತ್ತದೆ ಎಂಬುದನ್ನು ಮರೆಯಬಾರದು.

ಕೋನ ಕಿರಿದೆಂದ ಮಾತ್ರಕ್ಕೆ ಗಾಬರಿ ಬೇಡ. ಕೆಲವರಿಗೆ ನಿಯಮಿತ ತಪಾಸಣೆ ಸಾಕು. ಅಪಾಯ ಹೆಚ್ಚಿದ್ದರೆ ಲೇಸರ್‌ನಿಂದ ಬಣ್ಣದ ಪಟಲದಲ್ಲಿ ಸಣ್ಣ ರಂಧ್ರ ಮಾಡಿ ದ್ರವಕ್ಕೆ ದಾರಿ ಮಾಡಿಕೊಡುತ್ತಾರೆ, ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಕೆಲವರಿಗೆ ಪೊರೆಯ ಶಸ್ತ್ರಚಿಕಿತ್ಸೆಯಿಂದಲೇ ಕೋನ ಅಗಲವಾಗುತ್ತದೆ.

ಕೋನ ತೆರೆದಿದ್ದರೂ ಗ್ಲಾಕೋಮಾ ಬರಬಹುದು. ಹಾಗಾಗಿ ದೃಷ್ಟಿನರದ ಪರೀಕ್ಷೆಯೂ ಬೇಕು. ಮುಂದಿನ ಬಾರಿ ಕಣ್ಣು ತೋರಿಸಲು ಹೋದಾಗ, ಕನ್ನಡಕದ ಚೀಟಿ ಪಡೆದು ಎದ್ದುಬರಬೇಡಿ. ‘ಡಾಕ್ಟರೇ, ಕೋನ ನೋಡಿದಿರಾ?’ ಎಂದು ಸಂಕೋಚವಿಲ್ಲದೆ ಕೇಳಿ.