ಧರ್ಮಬೋಧೆಯೂ ಧರ್ಮಾಧ್ಯಯನವೂ

ಶಾಲಾವ್ಯಾಸಂಗದ ಕೊನೆಯ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಧರ್ಮವನ್ನೂ ತತ್ತ್ವವನ್ನೂ ಅಭ್ಯಸಿಸಬಹುದೆ? ಸಂವಿಧಾನವೇ ಇದಕ್ಕೆ ಅಡ್ಡಿಯೆಂಬ ಮಾತು ಅಧ್ಯಾಪಕರ ನಡುವೆ ಆಗಾಗ ಕೇಳಿಬರುತ್ತದೆ. ಈ ಮಾತು ವಿಮರ್ಶಾರ್ಹವಾದುದು.

ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ಸಂವಿಧಾನದ 28ನೆಯ ಅನುಚ್ಛೇದವು ನಿಷೇಧಿಸಿದೆ. ಮನ್ನಣೆ ಅಥವಾ ಸಹಾಯಧನ ಪಡೆದ ಸಂಸ್ಥೆಗಳಲ್ಲಿಯೂ ಅಪ್ರಾಪ್ತವಯಸ್ಕರನ್ನು ಪೋಷಕರ ಒಪ್ಪಿಗೆಯಿಲ್ಲದೆ ಅದಕ್ಕೆ ಒಳಪಡಿಸುವಂತಿಲ್ಲ. ಆದರೆ ಒಂದು ಮತದ ವಿಧಿ-ನಂಬಿಕೆಗಳನ್ನು ಬೋಧಿಸುವುದು ಬೇರೆ. ಮತಗಳ ವಿಷಯವನ್ನು ಅರಿಯುವುದು ಬೇರೆ. ಈ ಭೇದವನ್ನು 1964–66ರ ಕೊಠಾರಿ ಆಯೋಗವು ಸ್ಪಷ್ಟವಾಗಿ ಗುರುತಿಸಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಮಾನ್ಯ ಮಾಡಿತು.

ಇವುಗಳಿಗೂ ಮೊದಲೇ, 1948–49ರ ರಾಧಾಕೃಷ್ಣನ್ ಆಯೋಗವು ಪದವಿ ತರಗತಿಗಳಿಗೆ ಒಂದು ಕ್ರಮವನ್ನು ಸೂಚಿಸಿತ್ತು: ಮೊದಲನೆಯ ವರ್ಷ ಬುದ್ಧ, ಸಾಕ್ರಟೀಸ್, ಏಸು, ಶಂಕರ, ಕಬೀರ ಮೊದಲಾದವರ ಜೀವನಚರಿತ್ರೆ, ಎರಡನೆಯ ವರ್ಷ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮತತ್ತ್ವದ ಮೂಲ ಸಮಸ್ಯೆಗಳು. ವ್ಯಕ್ತಿಯಿಂದ ಗ್ರಂಥಕ್ಕೆ, ಗ್ರಂಥದಿಂದ ಪ್ರಶ್ನೆಗೆ ಸಾಗುವ ಈ ಕ್ರಮವು ಪದವಿಪೂರ್ವ ತರಗತಿಗಳಿಗೂ ಹೊಂದುವುದೆಂದು ನಾವು ಭಾವಿಸುತ್ತೇವೆ.

ಶಂಕರರದು ಅದ್ವೈತ, ರಾಮಾನುಜರದು ವಿಶಿಷ್ಟಾದ್ವೈತ, ಮಧ್ವರದು ದ್ವೈತ ಎಂದು ಚರಿತ್ರೆಯ ಉತ್ತರಪತ್ರಿಕೆಗಳಲ್ಲಿ ನಾವು ನಿತ್ಯವೂ ಓದುತ್ತೇವೆ. ಹಿಂದಿನ ಆಚಾರ್ಯರನ್ನು ಮುಂದಿನವರು ಏಕೆ ಒಪ್ಪಲಿಲ್ಲವೆಂದು ಕೇಳಿದರೆ ಉತ್ತರಿಸುವವರು ವಿರಳ. ಕಲಿಸುವವರು ನಾವೇ ಆದುದರಿಂದ ಈ ಕೊರತೆಯಲ್ಲಿ ನಮ್ಮ ಪಾಲೂ ಉಂಟು. ವಾದವನ್ನರಿಯದೆ ಹೆಸರನ್ನಷ್ಟೇ ಬಲ್ಲವನಿಗೆ ಪರಮತವು ಅಪರಿಚಿತವಾಗಿಯೇ ಉಳಿಯುತ್ತದೆ. ಸ್ವಮತವೂ ಕೇವಲ ರೂಢಿಯಾಗುತ್ತದೆ.