ಡ್ರಮ್ ಕೋರ್: ಬಿಟ್ಟರೂ ಬಿಡದ ನಾದ

ಬ್ಯಾಂಡ್ ವಾದ್ಯವೆಂದೊಡನೆ ನಿಮಗೆ ನೆನಪಾಗುವುದು ಯಾವುದು? ಮೈಸೂರಿನ ದಸರಾ ಮೆರವಣಿಗೆಯಲ್ಲಿ ಸಾಗುವ ಪೊಲೀಸ್ ಬ್ಯಾಂಡ್ ಇರಬಹುದು. ಆಗಸ್ಟ್ ಹದಿನೈದರ ಬೆಳಗ್ಗೆ ಶಾಲೆಯ ಬಯಲಿನಲ್ಲಿ ಹುಡುಗರು ಬಾರಿಸುವ ಡ್ರಮ್ ಇರಬಹುದು. ಮದುವೆಯ ದಿಬ್ಬಣದ ಮುಂದೆ ನಡೆಯುವ ವಾದ್ಯಗಾರರೇ ಇರಬಹುದು. ಇಲ್ಲೆಲ್ಲ ವಾದ್ಯವು ಬೇರೊಂದಕ್ಕೆ ಒತ್ತಾಸೆಯಾಗಿ ಬರುತ್ತದೆ: ಮೆರವಣಿಗೆಗೆ, ಧ್ವಜವಂದನೆಗೆ, ಮದುವಣಿಗನಿಗೆ. ಅಮೆರಿಕದಲ್ಲಿ ನೂರು ವರ್ಷಗಳಿಂದ ಬೆಳೆದುಬಂದಿರುವ ಡ್ರಮ್ ಕೋರ್ ಎಂಬ ಕಲೆಯ ಮಾತೇ ಬೇರೆ. ಅಲ್ಲಿ ಜನ ಸೇರುವುದು ಆ ವಾದ್ಯಕ್ಕಾಗಿ, ಆ ನಡಿಗೆಗಾಗಿ.

‘ಕೋರ್’ ಎಂಬುದು ಸೈನ್ಯದಿಂದ ಬಂದ ಮಾತು, ದಳ ಎಂದರ್ಥ. ಭೇರಿ ಬಾರಿಸುವವರು, ಕಹಳೆ ಊದುವವರು, ಬಾವುಟ ಬೀಸುವವರು, ಹೀಗೆ ನೂರಕ್ಕೂ ಮೇಲ್ಪಟ್ಟು ತರುಣ ತರುಣಿಯರು ಒಂದು ದಳವಾಗಿ ಆಟದ ಮೈದಾನಕ್ಕೆ ಇಳಿಯುತ್ತಾರೆ. ಸುಮಾರು ಹತ್ತು ಹನ್ನೆರಡು ನಿಮಿಷಗಳ ಕಾಲ, ಕೈಯಲ್ಲಿ ಸ್ವರಲಿಪಿಯ ಹಾಳೆಯಿಲ್ಲದೆ, ನಡೆಯುತ್ತ, ಓಡುತ್ತ, ಚಕ್ರವಾಗಿ, ಕರ್ಣರೇಖೆಯಾಗಿ, ಮತ್ತೆ ಸಾಲಾಗಿ ಕೂಡಿಕೊಳ್ಳುತ್ತ ನುಡಿಸುತ್ತಾರೆ. ಇಪ್ಪತ್ತೊಂದು ವರ್ಷ ದಾಟಿದವರಿಗೆ ಪ್ರಮುಖ ಸ್ಪರ್ಧೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಒಬ್ಬನಿಗೆ ದೊರಕುವುದು ಮೂರೋ ನಾಲ್ಕೋ ಬೇಸಗೆಗಳು ಮಾತ್ರ. ಆದರೂ ಆ ಮೂರು ಬೇಸಗೆಗಳನ್ನು ಅವನು ಐವತ್ತು ವರ್ಷ ನೆನೆಯುತ್ತಾನೆ. ತಲೆ ನರೆತ ಮೇಲೂ ಆಗಸ್ಟ್ ತಿಂಗಳು ಬಂತೆಂದರೆ ನೂರಾರು ಮೈಲಿ ಪ್ರಯಾಣಮಾಡಿ ಮೈದಾನದ ಮೆಟ್ಟಿಲಲ್ಲಿ ಬಂದು ಕುಳಿತುಕೊಳ್ಳುತ್ತಾನೆ. ಇದೇಕೆ ಹೀಗೆ? ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಆಡಿದವರೂ ಹಳೆಯ ದಿನಗಳನ್ನು ನೆನೆಯುತ್ತಾರೆ. ಆದರೆ ಈ ನಂಟಿನ ಬಿಗಿಯೇ ಬೇರೆ. ಅದರ ಕಾರಣವನ್ನು ತಿಳಿಯಬೇಕಾದರೆ ಈ ಕಲೆಯ ಹುಟ್ಟನ್ನೂ ಅದರೊಳಗಿನ ಕೆಲಸವನ್ನೂ ಸ್ವಲ್ಪ ನೋಡಬೇಕು.

ಮೊದಲನೆಯ ಮಹಾಯುದ್ಧ 1918ರಲ್ಲಿ ಮುಗಿಯಿತು. ಮನೆಗೆ ಮರಳಿದ ಅಮೆರಿಕದ ಸೈನಿಕರು ಮರುವರ್ಷವೇ ಅಮೆರಿಕನ್ ಲೀಜನ್ ಎಂಬ ಸಂಘವನ್ನು ಕಟ್ಟಿಕೊಂಡರು. ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಇನ್ನೊಂದು ಸಂಘ ಅದಕ್ಕೂ ಮುಂಚಿನದು. ಈ ಸಂಘಗಳ ಊರೂರಿನ ಶಾಖೆಗಳು ಸೈನ್ಯದಲ್ಲಿ ಬಳಕೆಯಲ್ಲಿದ್ದ ಭೇರಿ ಕಹಳೆಗಳನ್ನು ಹಿಡಿದು ದಳಗಳನ್ನು ಕಟ್ಟಿದವು. ಮುಂದೆ ಅವರ ಮಕ್ಕಳಿಗೂ ದಳಗಳಾದವು. ಇಗರ್ಜಿಗಳು, ಸ್ಕೌಟ್ ತಂಡಗಳು, ಊರಿನ ಪೊಲೀಸರು, ಬೆಂಕಿ ಆರಿಸುವ ದಳದವರು, ಎಲ್ಲರೂ ಇದಕ್ಕೆ ಕೈಗೂಡಿಸಿದರು. ನ್ಯೂಜೆರ್ಸಿಯ ಗಾರ್‌ಫೀಲ್ಡ್ ಎಂಬ ಊರಿನಲ್ಲಿ 1934ರಲ್ಲಿ ಹೋಲಿ ನೇಮ್ ಕೆಡೆಟ್ಸ್ ಹುಟ್ಟಿದ್ದು ಇಗರ್ಜಿಯೊಂದರ ಆಶ್ರಯದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಸ್ಕೌಟ್ಸ್ 1938ರದು. ಷಿಕಾಗೋದ ಕ್ಯಾವಲಿಯರ್ಸ್ 1948ರಲ್ಲಿ ಒಂದು ಸ್ಕೌಟ್ ತಂಡವಾಗಿಯೇ ಮೊದಲಾಯಿತು. ಕಾರ್ಖಾನೆಯ ಕೂಲಿಕಾರನ ಮಗನಿಗೂ ಅಲ್ಲಿ ಒಂದು ಸಮವಸ್ತ್ರ, ಒಂದು ವಾದ್ಯ, ಒಂದು ಸಾಲು ಸಿಗುತ್ತಿತ್ತು. ಬೀದಿಯಲ್ಲಿ ಅಲೆಯುವ ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿದ್ದೇ ಆ ಕಾಲದ ದಳಗಳ ದೊಡ್ಡ ಉಪಕಾರವೆನ್ನಬಹುದು.

ಇನ್ನು ಆ ಕಹಳೆಯ ವಿಚಾರ. ಸೈನ್ಯದ ಕಹಳೆ ಬರಿಯ ಸುರುಳಿ ಸುತ್ತಿದ ಒಂದು ನಳಿಕೆ. ಅದಕ್ಕೆ ರಂಧ್ರಗಳಿಲ್ಲ, ಗುಂಡಿಗಳಿಲ್ಲ. ತುಟಿಯ ಬಿಗಿಯನ್ನು ಹೆಚ್ಚು ಕಡಿಮೆ ಮಾಡಿ ಊದಿದರೆ ಅದರಿಂದ ಸ್ವಾಭಾವಿಕವಾಗಿ ಹೊರಡುವ ಸ್ವರಗಳು ಕೆಲವೇ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಸ, ಪ, ಮೇಲಿನ ಸ, ಅದರ ಮೇಲೆ ಅಂತರ ಗಾಂಧಾರ, ಮತ್ತೆ ಪ. ರಿಷಭವಿಲ್ಲ, ಮಧ್ಯಮವಿಲ್ಲ. ಇಷ್ಟರಿಂದ ಯಾವ ಹಾಡನ್ನು ನುಡಿಸುವುದು? ಮುಂದೆ ಒಂದು ವಾಲ್ವ್ ಬಂದಿತು. ಅದನ್ನು ಅದುಮಿದಾಗ ಗಾಳಿಯ ಹಾದಿ ಉದ್ದವಾಗಿ, ಇನ್ನೊಂದು ಶ್ರುತಿಯ ಸ್ವರಗಳು ದೊರಕಿದವು. ಆದರೂ ಒಂದು ರಾಗದ ಎಲ್ಲ ಸ್ವರಗಳೂ ಒಬ್ಬನ ಕೈಗೆ ಸಿಗುತ್ತಿರಲಿಲ್ಲ. ಒಬ್ಬನಲ್ಲಿಲ್ಲದ ಸ್ವರವನ್ನು ಇನ್ನೊಬ್ಬ ತುಂಬಬೇಕು. ಹಾಡು ಪೂರ್ಣವಾಗುವುದು ಎಲ್ಲರೂ ಸೇರಿದಾಗ ಮಾತ್ರ. ಎರಡು ವಾಲ್ವ್‌ಗಳ ಕಹಳೆಗೆ ಒಪ್ಪಿಗೆ ದೊರೆತದ್ದು 1977ರಲ್ಲಿ. ಮೂರು ವಾಲ್ವ್‌ಗಳದ್ದಕ್ಕೆ 1990ರಲ್ಲಿ.

ಭೇರಿಗಳಲ್ಲಿ ಮೂರು ಬಗೆ. ಮೊದಲನೆಯದು ಸ್ನೇರ್: ಕೆಳಮುಖದ ಹೊದಿಕೆಗೆ ತಂತಿಗಳನ್ನು ಬಿಗಿದಿರುವುದರಿಂದ ಅದರ ಪೆಟ್ಟು ಚಟಪಟನೆ ಒಣಗಿದ ಸಿಡಿಲಿನಂತೆ ಕೇಳುತ್ತದೆ. ಎರಡನೆಯದು ಟೆನರ್: ಬೇರೆ ಬೇರೆ ಶ್ರುತಿಯ ನಾಲ್ಕೈದು ಡ್ರಮ್‌ಗಳನ್ನು ಒಬ್ಬನೇ ಎದೆಯ ಮುಂದೆ ಹೊತ್ತು ನುಡಿಸುತ್ತಾನೆ. ಮೂರನೆಯದು ಬೇಸ್ ಡ್ರಮ್. ನಿಜವಾದ ಸ್ವಾರಸ್ಯವಿರುವುದು ಇದರಲ್ಲಿ. ಸಾಮಾನ್ಯವಾಗಿ ಐದು ಮಂದಿ, ಚಿಕ್ಕದರಿಂದ ದೊಡ್ಡದರವರೆಗೆ ಐದು ಗಾತ್ರದ ಡ್ರಮ್‌ಗಳನ್ನು ಹೊತ್ತು ಸಾಲಾಗಿ ನಿಲ್ಲುತ್ತಾರೆ. ಒಂದೇ ಲಯವಾಕ್ಯವನ್ನು ಐವರೂ ಹಂಚಿಕೊಂಡು ನುಡಿಸುತ್ತಾರೆ. ಮೊದಲನೆಯ ಪೆಟ್ಟು ಒಬ್ಬನದು, ಎರಡನೆಯದು ಇನ್ನೊಬ್ಬನದು, ಮೂರನೆಯದು ಮತ್ತೊಬ್ಬನದು. ವೇಗ ಎಷ್ಟೆನ್ನುವಿರಿ? ನಿಮಿಷಕ್ಕೆ 160 ಎಣಿಕೆಯ ಗತಿಯಲ್ಲಿ, ಎಣಿಕೆಗೆ ನಾಲ್ಕು ಪೆಟ್ಟಿನಂತೆ ಹೋದರೆ, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಪೆಟ್ಟುಗಳಾಗುತ್ತವೆ. ಕೇಳುವವರಿಗೆ ಅದು ಒಬ್ಬನೇ ದೈತ್ಯ ನುಡಿಸಿದಂತೆ ತೋರುತ್ತದೆ. ಐವರಲ್ಲಿ ಒಬ್ಬ ತಪ್ಪಿದರೆ ಮಾತಿನ ನಡುವೆ ಹಲ್ಲು ಬಿದ್ದಂತೆ ಒಂದು ಕಿಂಡಿ ಉಳಿಯುತ್ತದೆ. ಅದನ್ನು ಬೇರೆ ಯಾರೂ ಮುಚ್ಚಲಾರರು. ಗುಂಪಿನಲ್ಲಿ ಗೋವಿಂದ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಅಮೆರಿಕದ ಫುಟ್‌ಬಾಲ್ ಮೈದಾನ ನೂರು ಗಜ ಉದ್ದ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆ ಕೊನೆಯ ಪೆಟ್ಟು ಈ ಕೊನೆಗೆ ತಲಪುವಷ್ಟರಲ್ಲಿ ಸೆಕೆಂಡಿನ ಕಾಲುಭಾಗಕ್ಕಿಂತ ಹೆಚ್ಚು ಹೊತ್ತು ಕಳೆದಿರುತ್ತದೆ. ಆದ್ದರಿಂದ ಪ್ರತಿಯೊಬ್ಬನೂ ಪಕ್ಕದ ಶಬ್ದವನ್ನು ನಂಬಿ ನುಡಿಸಿದರೆ ಪ್ರೇಕ್ಷಕರ ಕಿವಿಗೆ ಗೊಂದಲವೇ ಬೀಳುತ್ತದೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದುದು. ಹಿಂಭಾಗದಲ್ಲಿರುವ ಭೇರಿಯವರು ಡ್ರಮ್ ಮೇಜರ್ ಎಂಬ ನಾಯಕನ ಕೈಯನ್ನು ಕಣ್ಣಿನಿಂದ ಅನುಸರಿಸುತ್ತಾರೆ. ಮುಂದಿರುವ ಕಹಳೆಯವರು ಹಿಂದಿನಿಂದ ತೇಲಿಬರುವ ಭೇರಿಗೆ ಕಿವಿಗೊಟ್ಟು ನುಡಿಸುತ್ತಾರೆ. ಆಗ ಎಲ್ಲ ನಾದವೂ ಒಂದಾಗಿ ಪ್ರೇಕ್ಷಕರನ್ನು ಮುಟ್ಟುತ್ತದೆ. ಹೆಜ್ಜೆಗೂ ಲೆಕ್ಕವಿದೆ: ಸಾಮಾನ್ಯವಾದ ಹೆಜ್ಜೆ ಐದು ಗಜಕ್ಕೆ ಎಂಟು, ಅಂದರೆ ಒಂದೊಂದು ಇಪ್ಪತ್ತೆರಡೂವರೆ ಅಂಗುಲ. ಕಾಲು ಇದನ್ನು ಅಳೆಯಬೇಕು, ಕಣ್ಣು ಸಾಲನ್ನು ಕಾಯಬೇಕು, ಕಿವಿ ಹಿಂದಕ್ಕಿರಬೇಕು, ಉಸಿರು ಕಹಳೆಗೆ ಸಲ್ಲಬೇಕು.

ಇಂಥ ಕೆಲಸ ಒಂದು ವಾರದಲ್ಲಿ ಆಗುವಂಥದಲ್ಲ. ಚಳಿಗಾಲದಲ್ಲಿ ಆಯ್ಕೆ ಮತ್ತು ಶಿಬಿರಗಳು. ಮೇ ತಿಂಗಳ ಕೊನೆಯಿಂದ ಎಡೆಬಿಡದ ಅಭ್ಯಾಸ. ಆಮೇಲೆ ಆಗಸ್ಟ್ ಮಧ್ಯದವರೆಗೆ ಊರಿಂದೂರಿಗೆ ಪಯಣ. ರಾತ್ರಿ ಬಸ್ಸಿನಲ್ಲಿ ನಿದ್ದೆ. ಮುಂಜಾನೆ ಯಾವುದೋ ಊರಿನ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಮತ್ತೆರಡು ಗಂಟೆ ಹಾಸಿಗೆ. ಹೊತ್ತೇರಿದರೆ ಬಿಸಿಲಿನಲ್ಲಿ ಹತ್ತು ಹನ್ನೆರಡು ಗಂಟೆಗಳ ಅಭ್ಯಾಸ. ಲಾರಿಯಲ್ಲೇ ಅಡುಗೆಮನೆ. ಅಲ್ಲಿ ಬಡಿಸಲು ನಿಲ್ಲುವವರಲ್ಲಿ ಹೆಚ್ಚಿನವರು ಸದಸ್ಯರ ತಂದೆತಾಯಂದಿರು, ಇಲ್ಲವೆ ಹಿಂದೆ ಅದೇ ದಳದಲ್ಲಿ ನಡೆದವರು. ಇಷ್ಟೆಲ್ಲ ಮಾಡುವ ಹುಡುಗರಿಗೆ ಸಂಬಳವಿಲ್ಲ. ಬದಲಾಗಿ ಅವರೇ ಶುಲ್ಕ ಕೊಡಬೇಕು, ಇಂದು ಅದು ಸಾವಿರಾರು ಡಾಲರು. ಕೂಲಿಯ ಮಗನಿಗೂ ತೆರೆದಿದ್ದ ಬಾಗಿಲು ಈಗ ಅಷ್ಟು ಅಗಲವಾಗಿ ತೆರೆದಿಲ್ಲವೆಂಬ ಕೊರಗು ಹಳಬರಲ್ಲಿದೆ.

ಸ್ಪರ್ಧೆಯ ರೀತಿಯೂ ಮನಸ್ಸಿನಲ್ಲಿ ನಾಟುವಂಥದೇ. ಹಿಂದೆ ತೀರ್ಪುಗಾರರು ಕೈಯಲ್ಲಿ ಹಲಗೆ ಹಿಡಿದು ಮೈದಾನದಲ್ಲೇ ಸುತ್ತಾಡುತ್ತಿದ್ದರು. ಹೆಜ್ಜೆ ತಪ್ಪಿತೇ, ಒಂದು ಗೀಟು. ಪೆಟ್ಟು ತಪ್ಪಿತೇ, ಇನ್ನೊಂದು ಗೀಟು. ಗೀಟಿಗೆ ಹತ್ತನೆಯ ಒಂದಂಶ ಕಳೆಯುತ್ತಿದ್ದರು. 1984ರಿಂದ ಈ ಪದ್ಧತಿ ನಿಂತು, ಒಟ್ಟು ಗುಣಕ್ಕೆ ಅಂಕ ಕೊಡುವುದು ಬಂದಿತು. ಅಂತರ ಮಾತ್ರ ಇಂದಿಗೂ ಕೂದಲೆಳೆಯಷ್ಟೇ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ದಳ ನೂರಕ್ಕೆ 98.125 ಅಂಕ ಪಡೆದು ಗೆದ್ದಿತು. ಎರಡನೆಯದಾದ ಬ್ಲೂ ಡೆವಿಲ್ಸ್ ದಳದ ಅಂಕ 98.100. ಸೋತ ದಳದವನು ಆ ಇಪ್ಪತ್ತೈದು ಸಾವಿರಾಂಶವನ್ನು ಜನ್ಮದಲ್ಲಿ ಮರೆತಾನೇ?

ಮೊದಮೊದಲು ಸ್ಪರ್ಧೆಗಳೆಲ್ಲ ಯೋಧರ ಸಂಘಗಳ ಕೈಯಲ್ಲಿದ್ದುವು. ನಿಯಮವೂ ಅವರದು, ತೀರ್ಪುಗಾರರೂ ಅವರವರು. ದಳಗಳ ನಿರ್ದೇಶಕರಿಗೆ ಇದು ಹಿಡಿಸದಾಯಿತು. ಅವರೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಅದರ ಮೊದಲನೆಯ ಮಹಾಸ್ಪರ್ಧೆ 1972ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಎಂಬ ಚಿಕ್ಕ ಊರಿನಲ್ಲಿ ನಡೆಯಿತು. ಕ್ಯಾಲಿಫೋರ್ನಿಯದ ಅನಾಹೈಮ್ ಕಿಂಗ್ಸ್‌ಮನ್ ಗೆದ್ದಿತು. 2009ರಿಂದ ಅಂತಿಮ ಸ್ಪರ್ಧೆಗೆ ನೆಲೆಯಾದದ್ದು ಇಂಡಿಯಾನಾಪೊಲಿಸ್ ನಗರದ ಭಾರಿ ಕ್ರೀಡಾಂಗಣ. ಕಲೆ ಹೀಗೆ ದೊಡ್ಡದಾಯಿತು. ಆದರೆ ದಳಗಳ ಸಂಖ್ಯೆ ಕುಗ್ಗಿತು. 1970ರ ಸುಮಾರಿನಲ್ಲಿ ನೂರಾರು ಊರುಗಳಲ್ಲಿ ಇದ್ದ ಚಿಕ್ಕ ದಳಗಳಲ್ಲಿ ಬಹುಪಾಲು ಇಂದು ಇಲ್ಲ. ಬಸ್ಸಿಗೆ, ಎಣ್ಣೆಗೆ, ಊಟಕ್ಕೆ, ಶಿಕ್ಷಕರಿಗೆ ಹಣ ಹೊಂದಿಸಲಾರದೆ ಒಂದೊಂದಾಗಿ ಮುಚ್ಚಿದವು.

ದೊಡ್ಡವೂ ಇದರಿಂದ ಪಾರಾಗಿಲ್ಲ. 2020ರ ಸಾಂಕ್ರಾಮಿಕದಲ್ಲಿ ಇಡೀ ವರ್ಷದ ಸ್ಪರ್ಧೆಗಳು ರದ್ದಾದುವು. ಹೆಸರಾಂತ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ 2023ರಲ್ಲಿ ಮೈದಾನಕ್ಕೆ ಇಳಿಯಲಾರದೆ ಒಂದು ವರ್ಷ ಕುಳಿತು, ಮರುವರ್ಷ ಮರಳಿತು. ಹತ್ತು ಸಲ ಗೆದ್ದಿದ್ದ, ಗಾರ್‌ಫೀಲ್ಡಿನಲ್ಲಿ ಹುಟ್ಟಿದ ಆ ಕೆಡೆಟ್ಸ್ ದಳ ಮಾತ್ರ ಮರಳಲಿಲ್ಲ. ಹಿಂದಿನ ಕಾಲದಲ್ಲಿ ನಡೆಯಿತೆನ್ನಲಾದ ಲೈಂಗಿಕ ದೌರ್ಜನ್ಯದ ದಾವೆಯೊಂದರ ವೆಚ್ಚ ಮತ್ತು ಹಣದ ಮುಗ್ಗಟ್ಟಿನಿಂದ 2024ರಲ್ಲಿ, ತೊಂಬತ್ತನೆಯ ವರ್ಷದಲ್ಲಿ, ಅದು ಮುಚ್ಚಿಹೋಯಿತು. ಹಳೆಯ ಸದಸ್ಯರಿಗೆ ಇದು ಎರಡು ಬಗೆಯ ನೋವು. ತಾವು ಪ್ರೀತಿಸಿದ ಮನೆ ಬಿತ್ತೆಂಬುದು ಒಂದು; ಆ ಮನೆಯಲ್ಲಿ ಮಕ್ಕಳ ಕ್ಷೇಮವನ್ನು ಎಲ್ಲರೂ ಸಾಕಷ್ಟು ಕಾದರೇ ಎಂಬ ಪ್ರಶ್ನೆ ಇನ್ನೊಂದು. ಶಿಸ್ತಿನ ಹೆಸರಿನಲ್ಲಿ ಮಕ್ಕಳ ಬಾಯಿ ಕಟ್ಟಬಾರದೆಂಬ ಪಾಠ ಅಮೆರಿಕಕ್ಕೆ ಮಾತ್ರ ಸಲ್ಲುವುದಲ್ಲ.

ಹಳಬರಿಗೂ ಹೊಸಬರಿಗೂ ವಾದವೂ ಉಂಟು. 2000ದಿಂದ ಯಾವ ಶ್ರುತಿಯ ಹಿತ್ತಾಳೆ ವಾದ್ಯಕ್ಕೂ ಒಪ್ಪಿಗೆ ಸಿಕ್ಕಿ, ಜಿ ಶ್ರುತಿಯ ಹಳೆಯ ಕಹಳೆ ಹೆಚ್ಚುಕಡಿಮೆ ಮೂಲೆ ಸೇರಿತು. 2004ರಿಂದ ಮೈಕು ಬಂತು, 2009ರಿಂದ ವಿದ್ಯುತ್ ವಾದ್ಯಗಳು ಬಂದವು. ‘ನಮ್ಮ ಕಾಲದ ಗಂಟಲೇ ಬೇರೆ, ಅದು ಎದೆಗೆ ಬಂದು ಗುದ್ದುತ್ತಿತ್ತು’ ಎಂಬುದು ಹಳಬರ ಮಾತಿನ ಸಾರ. ‘ಕಲೆ ನಿಂತ ನೀರಾಗಬೇಕೇ?’ ಎಂಬುದು ಹೊಸಬರದು. ನಮ್ಮಲ್ಲಿ ಪಿಟೀಲು ಬಂದಾಗಲೂ ಕಚೇರಿಗೆ ಮೈಕು ಬಂದಾಗಲೂ ಇಂಥ ಮಾತು ಕೇಳಿರಲಾರದೇ? ವಿಶೇಷವೆಂದರೆ ಇಷ್ಟು ವಾದಿಸುವವರೂ ದಳವನ್ನು ತೊರೆಯುವುದಿಲ್ಲ. ಗೊಣಗುತ್ತಲೇ ಟಿಕೆಟ್ ಕೊಳ್ಳುತ್ತಾರೆ, ಗೊಣಗುತ್ತಲೇ ಸಮವಸ್ತ್ರದ ಗುಂಡಿ ಹೊಲಿದುಕೊಡುತ್ತಾರೆ. ಹಳಬರೇ ಕೂಡಿ ದಳ ಕಟ್ಟಿ ಮತ್ತೆ ನಡೆಯುವುದೂ ಉಂಟು: 2006ರಲ್ಲಿ ಮ್ಯಾಡಿಸನ್ ಸ್ಕೌಟ್ಸ್ ದಳದ ಹಿಂದಿನ ಸದಸ್ಯರು, 2017ರಲ್ಲಿ ಸಾಂಟಾ ಕ್ಲಾರಾ ದಳದ ಐವತ್ತನೆಯ ವರ್ಷಕ್ಕೆ ಅಲ್ಲಿನ ಹಿಂದಿನವರು ಹೀಗೆ ನಡೆದರು. ಮೊಣಕಾಲು ನೋಯುತ್ತಿದ್ದರೂ ಹೆಜ್ಜೆಯ ಅಳತೆ ಕಾಲಿಗೆ ಮರೆತಿರುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೂರು ಬೇಸಗೆಯ ನಂಟು ಐವತ್ತು ವರ್ಷ ಉಳಿಯುವುದೇಕೆ? ಕಾರಣ ಆ ಬೇಸ್ ಡ್ರಮ್ಮಿನ ಸಾಲಿನಲ್ಲಿದೆ ಎಂದು ತೋರುತ್ತದೆ. ಹದಿನೆಂಟು ವರ್ಷದ ಹುಡುಗನಿಗೆ ‘ನೀನಿಲ್ಲದೆ ಈ ವಾಕ್ಯ ಪೂರ್ಣವಾಗದು’ ಎಂದು ಹೇಳುವವರು ಲೋಕದಲ್ಲಿ ಎಷ್ಟು ಜನ? ಅಲ್ಲಿ ಅವನಿಗೆ ಅದನ್ನು ದಿನಕ್ಕೆ ನೂರು ಸಲ, ಮಾತಿನಿಂದಲ್ಲ, ಪೆಟ್ಟಿನಿಂದ ತಿಳಿಸಲಾಗುತ್ತದೆ. ಅವನ ಪಾಲು ಚಿಕ್ಕದು. ಆದರೆ ಅದು ಅವನದೇ. ಮೇಲಾಗಿ ಅದು ಮುಗಿಯುವ ದಿನವೂ ಮೊದಲೇ ಗೊತ್ತಿರುತ್ತದೆ. ವಯಸ್ಸು ಮುಗಿದವನು ಕೊನೆಯ ರಾತ್ರಿ ಮೈದಾನದಿಂದ ಹೊರಬಂದರೆ, ಮರುವರ್ಷ ಆ ಸ್ಥಾನದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. ಕೈಗೆ ಸಿಕ್ಕುವುದು ಕೆಲವೇ ದಿನವೆಂದು ಬಲ್ಲ ಮನಸ್ಸು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಈ ನಾದವನ್ನು ಕಾಣದೆ ಕೇಳಿಯೇ ಸವಿದವರು ಅಮೆರಿಕದಲ್ಲೂ ಬಹಳ. 1950 ಮತ್ತು 60ರ ದಶಕಗಳಲ್ಲಿ ಫ್ಲೀಟ್‌ವುಡ್ ಎಂಬ ಕಂಪೆನಿ ಸ್ಪರ್ಧೆಗಳನ್ನು ಮೈದಾನದಲ್ಲೇ ಮುದ್ರಿಸಿ ಗ್ರಾಮಫೋನ್ ತಟ್ಟೆಗಳಾಗಿ ಮಾರುತ್ತಿತ್ತು. ಗೀರುಬಿದ್ದ ಆ ತಟ್ಟೆಗಳನ್ನು ಇಂದಿಗೂ ಜೋಪಾನಮಾಡಿರುವ ಮನೆಗಳಿವೆ. ನಿಮಗೂ ಇಂಥ ಮುದ್ರಿಕೆಯೊಂದು ಕೇಳಸಿಕ್ಕರೆ, ಮೊದಲ ಸಲ ಕಹಳೆಯ ಅಬ್ಬರವನ್ನು ಕೇಳಿ ಸಂತೋಷಪಡಿ. ಎರಡನೆಯ ಸಲ ಅದನ್ನು ಬದಿಗಿಟ್ಟು ಕೆಳಗಿನ ದಪ್ಪ ಭೇರಿಗಳಿಗೆ ಕಿವಿಗೊಡಿ. ಪೆಟ್ಟುಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲಿಳಿದಂತೆ ಓಡುವುದು ಕೇಳಿಸುತ್ತದೆ. ಅಲ್ಲಿ ಐದು ಮಂದಿ ಇದ್ದಾರೆ, ಒಬ್ಬೊಬ್ಬನೂ ತನ್ನ ಒಂದು ಪೆಟ್ಟಿಗಾಗಿ ಕಾದಿದ್ದಾನೆ ಎಂಬುದನ್ನು ನೆನೆದು ಕೇಳಿ.