ಕೋಡಿ ಬೀಳುವ ತನಕ

ಕಡೂರು. ಸರ್ಕಾರಿ ಶಾಲೆಯೊಂದರ ಅಂಗಳದಲ್ಲಿ ಮಕ್ಕಳು ಹೊಳೆಯಾಗಿದ್ದಾರೆ. ಜಗಲಿಯ ಮೆಟ್ಟಿಲೇ ಬಾಬಾಬುಡನ್‌ಗಿರಿ. ಅಲ್ಲಿಂದ ಇಬ್ಬರು ಹುಡುಗಿಯರು ಇಳಿಯುತ್ತಾರೆ, ಒಬ್ಬಳು ವೇದಾ, ಇನ್ನೊಬ್ಬಳು ಆವತಿ. ಸುಣ್ಣದಲ್ಲಿ ಬರೆದ ಎರಡು ಸುತ್ತುಗಳು ಅಯ್ಯನಕೆರೆ, ಮದಗದಕೆರೆ. ವೇದಾ ತನ್ನ ಕೆರೆಯನ್ನು ಒಂದೇ ಓಟಕ್ಕೆ ದಾಟಿ ಕಡೂರು ಮುಟ್ಟಿಬಿಟ್ಟಳು. ಆವತಿ ಮದಗದಕೆರೆಯೊಳಗೆ ನಿಂತಳು. ಹಿಂದಿನಿಂದ ಬಂದ ಮಕ್ಕಳು ಒಬ್ಬೊಬ್ಬರಾಗಿ ಅವಳ ಸುತ್ತ ಸೇರಿದರು. ಸುತ್ತು ತುಂಬಿ, ಅಂಚಿನಲ್ಲಿದ್ದವನು ಆಚೆ ಕಾಲಿಟ್ಟ ಮೇಲೆಯೇ ಅವಳು ಹೊರಟಿದ್ದು.

"ಕೋಡಿ ಬೀಳ್ಬೇಕಲ್ವಾ ಮಿಸ್!"

ಎರಡು ಹೊಳೆ ಕೂಡಿ ವೇದಾವತಿ ಆಗುತ್ತದೆಂದು ಇಬ್ಬರೂ ಬರೆಯಬಲ್ಲರು, ಇಬ್ಬರಿಗೂ ಅಂಕ ಸಿಗುತ್ತದೆ. ಕೆರೆ ನೀರನ್ನು ತಡೆದಿಟ್ಟು ಬಿಡುತ್ತದೆಂಬ ಅರಿವು ಯಾರಿಗಿದೆ ಎಂಬುದು ಮಾತ್ರ ಅವಳು ನಿಂತ ಆ ಗಳಿಗೆಯಲ್ಲಿ ಕಂಡಿತು. ಏನನ್ನು ನೋಡಬೇಕೆಂದು ಟೀಚರ್ ಮೊದಲೇ ಬರೆದಿಟ್ಟುಕೊಂಡಿದ್ದರು: ದಿಕ್ಕು, ಇಳಿಜಾರು, ಕೆರೆಯ ಕೆಲಸ, ಸಂಗಮ. ಅಭಿನಯ ಚೆಂದವಿತ್ತೇ ಎಂಬ ಕಲಂ ಅದರಲ್ಲಿರಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದು. ಪ್ರತಿಭಾ ಕಾರಂಜಿಯಲ್ಲಿ ಗಟ್ಟಿ ದನಿಗೆ ಬಹುಮಾನ ಬರಲಿ. ಪಾಠದ ನಡುವಿನ ಆಟದಲ್ಲಿ ಹುಡುಕಬೇಕಾದ್ದು ಬೇರೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಿಂದಲೇ ನಮ್ಮ ಶಾಲೆಗಳಿಗೆ ಹಾಡು, ಆಟ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ನಿರಂತರ ಮೌಲ್ಯಮಾಪನವನ್ನೇ ಕೇಳುತ್ತದೆ. ಆದರೂ ನೋಡುವ ಕಣ್ಣು ಪಳಗಬೇಕು. ತರೀಕೆರೆಯ ಕಡೆ ಭದ್ರಾ ಕಾಡಿನ ಮೇಲೊಂದು ಸೊಗಸಾದ ನಾಟಕ ನೋಡಿದೆ. "ಜಿಂಕೆಯೇ ಇಲ್ಲದಿದ್ದರೆ?" ಎಂದು ಮೇಷ್ಟ್ರು ಕೇಳಿದಾಗ ಹುಲಿಗೆ ಉತ್ತರ ಹೊಳೆಯಲಿಲ್ಲ. ಮಾತುಗಳೆಲ್ಲ ಬಾಯಿಪಾಠ.

ಅಜ್ಜಂಪುರ, ಅಮೃತಮಹಲ್ ಕಾವಲಿನ ಬದಿ. ಓದಲು ತಡವರಿಸುವ, ದನ ಕಾಯಲು ಹೋಗುವ ಹುಡುಗ ಟಿಟ್ಟಿಭವಾಗಿದ್ದ. ನಾಲ್ಕು ಬೆಣಚುಕಲ್ಲುಗಳೇ ಮೊಟ್ಟೆ, ಬರಿಯ ನೆಲದ ಮೇಲೆ. ನಾಯಿ ಹತ್ತಿರವಾದಂತೆ ಅವನು ಕಿರುಚುತ್ತ ಕಲ್ಲುಗಳಿಂದ ದೂರಕ್ಕೆ ಓಡಿ, ನಾಯಿಯನ್ನು ಅತ್ತ ಸೆಳೆದ. ಮರುದಿನ ಮೇಷ್ಟ್ರು ನಾಯಿಯನ್ನು ಎದುರು ದಿಕ್ಕಿನಿಂದ ಬಿಟ್ಟರು. ಹುಡುಗ ಒಮ್ಮೆ ಮೊಟ್ಟೆಯತ್ತ, ಒಮ್ಮೆ ನಾಯಿಯತ್ತ ನೋಡಿ, ದಾರಿಯನ್ನೇ ತಿರುಗಿಸಿದ. ಬರೀ ಕಂಠಪಾಠವಾಗಿದ್ದರೆ ನಿನ್ನೆಯ ಕಡೆಗೇ ಓಡುತ್ತಿದ್ದ. ಮೇಷ್ಟ್ರು ತಾರೀಖು ಹಾಕಿ ಎರಡೂ ದಿನದ್ದನ್ನು ಬರೆದುಕೊಂಡರು. ಓದಿನಲ್ಲಿ ಅವನಿಗೆ ಇನ್ನೂ ಕೈಹಿಡಿದು ಕಲಿಸಬೇಕೆಂಬುದನ್ನೂ ಅಲ್ಲೇ ಸೇರಿಸಿದರು.